ತಲೆಯ ಮೇಲೊಂದು ಮಳೆ, ಕಾಲ ಕೆಳಗೊಂದು ಮಳೆ

ಪರೀಕ್ಷೆ ಮುಗಿದ ಮಕ್ಕಳು ಮೊಬೈಲಿನಲ್ಲಿ ಕೆರೆದಂಡೆಯ ಡೇರೆಯ ಚಿತ್ರ ತೋರಿಸಿ ಹಟ ಹಿಡಿಯುತ್ತಾರೆ. ಅಪ್ಪ ನಾಲ್ಕು ಜನ ಮಲಗುವ ಡೇರೆಯನ್ನು ಆನ್‌ಲೈನಿನಲ್ಲಿ ತರಿಸುತ್ತಾನೆ. ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ "ಹಾವು ಬಂದ್ರ ಏನ್ ಮಾಡ್ತೀರಿ?" ಎಂದು ಕೇಳುತ್ತಾಳೆ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಮನೆಗಳಿಗೂ ಈ ಹೊಸ ರೂಢಿ ಬಂದು ಮುಟ್ಟಿದೆ. ಹಾವಿನ ಪ್ರಶ್ನೆ ಸರಿಯಾದದ್ದೇ. ಆದರೆ ನಮ್ಮ ಭಾಗದಲ್ಲಿ ನೀರಿನ ಪಕ್ಕ ವಸ್ತಿ ಮಾಡುವವರು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಎದುರಿಗೆ ಕಾಣುವ ಈ ನೀರು ಎಲ್ಲಿಯ ಮಳೆಯದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳ ದೊಡ್ಡ ನೀರಿನ ತವರು ಪಶ್ಚಿಮಕ್ಕೆ, ಸಹ್ಯಾದ್ರಿಯ ನೆತ್ತಿಯಲ್ಲಿದೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಇಷ್ಟನ್ನೂ ಕೂಡಿಸಿಕೊಂಡು ಅವಳು ಗಡಿ ದಾಟುತ್ತಾಳೆ. ಕೊಲ್ಹಾಪುರದ ಘಟ್ಟದಿಂದ ಇಳಿದ ವೇದಗಂಗಾ, ದೂಧಗಂಗಾ ನದಿಗಳು ಭೋಜದ ಬಳಿ ಒಂದಾಗಿ, ಯಡೂರ–ಕಲ್ಲೋಳದ ಹತ್ತಿರ ಅವಳನ್ನು ಸೇರುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾಗುತ್ತದೆ. ದಕ್ಷಿಣಕ್ಕೆ ಆಂಬೋಲಿ ಘಟ್ಟದಲ್ಲಿ ಅದಕ್ಕಿಂತಲೂ ಹೆಚ್ಚು. ಆಂಬೋಲಿಯಿಂದ ಅಥಣಿಗೆ ನೇರ ಗೆರೆ ಎಳೆದರೆ ನೂರೈವತ್ತು ಕಿ.ಮೀ. ಕೂಡ ಆಗುವುದಿಲ್ಲ. ಅಥಣಿಗೆ ಸಿಗುವ ಮಳೆ ಮಾತ್ರ ಆಂಬೋಲಿಯ ಹತ್ತನೆಯ ಒಂದು ಪಾಲಿಗೂ ಕಡಿಮೆ.

ಕಾರಣ ಶಾಲೆಯ ಪುಸ್ತಕದಲ್ಲೇ ಇದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನು ಏರುತ್ತಾ ತಣ್ಣಗಾಗಿ ನೀರನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಈಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ನಿಪ್ಪಾಣಿಯವರೆಗೆ ಘಟ್ಟದ ತುಂತುರು ಬಂದು ಮುಟ್ಟುತ್ತದೆ, ಚಿಕ್ಕೋಡಿಗೆ ಅದರಲ್ಲಿ ಒಂದಿಷ್ಟು. ಕೃಷ್ಣೆ ದಾಟಿ ಕಾಗವಾಡ, ಅಥಣಿಗೆ ಹೋಗುವಷ್ಟರಲ್ಲಿ ಬರೀ ಗಾಳಿ ಉಳಿದಿರುತ್ತದೆ. ಹಾಗಾಗಿ ಜುಲೈ ತಿಂಗಳಿನಲ್ಲಿ ಅಥಣಿ ತಾಲ್ಲೂಕಿನ ನದಿದಂಡೆಯ ರೈತ ಒಂದು ವಿಚಿತ್ರ ಸ್ಥಿತಿಗೆ ಸಿಗುತ್ತಾನೆ. ಹೊಲದಲ್ಲಿ ಬೆಳೆ ಮಳೆ ಇಲ್ಲದೆ ಬಾಡುತ್ತಿರುತ್ತದೆ, ಅದೇ ಹೊಲದ ಕೆಳಬದಿಗೆ ಹೊಳೆ ಏರಿ ಬರುತ್ತಿರುತ್ತದೆ. ಬರ ಮತ್ತು ನೆರೆ ಎರಡಕ್ಕೂ ಒಂದೇ ವಾರ ಅರ್ಜಿ ಬರೆಯಬೇಕಾದ ಊರುಗಳು ಬೇರೆ ಕಡೆ ಎಷ್ಟಿವೆಯೋ, ಇಲ್ಲಂತೂ ಇವೆ.

ರಜೆಗೆ ಡೇರೆ ಹೊತ್ತು ಹೋಗುವ ಕುಟುಂಬಕ್ಕೆ ಇದರಿಂದ ಆಗಬೇಕಾದ ತಿಳಿವಳಿಕೆ ಇಷ್ಟು: ಇಲ್ಲಿ ಹವಾಮಾನ ಎರಡು. ಒಂದು ಡೇರೆಯ ಮೇಲಿನ ಆಕಾಶದ್ದು, ಅದನ್ನು ಕಣ್ಣಿನಿಂದ ನೋಡಬಹುದು. ಇನ್ನೊಂದು ನೀರಿನೊಳಗೆ ಬರುವಂಥದ್ದು, ಅದು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಬಳಿ ಇರುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಹೊಳೆ ಏರುತ್ತದೆ.

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ದಿನಾ ಒಂದು ಸುದ್ದಿ ಬರುತ್ತದೆ, ಅಂಕಿಗಳ ಗಂಟು ನೋಡಿ ಹಲವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಇಷ್ಟು ಸಾವಿರ ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಎರಡೂ ಕೂಡಿ ಕಲ್ಲೋಳ ಬ್ಯಾರೇಜ್ ಬಳಿ ಇಷ್ಟು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಲೆಕ್ಕಕ್ಕೆ 28 ಲೀಟರು. ಸುಮಾರು ಹನ್ನೊಂದೂವರೆ ಸಾವಿರ ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಮಳೆಗಾಲದಲ್ಲಿ ಕಲ್ಲೋಳದ ಬಳಿ ಒಂದು ಲಕ್ಷ ಕ್ಯೂಸೆಕ್ ದಾಟುವುದು ಅಪರೂಪವೇನಲ್ಲ. ಮೇಲೆ 105 ಟಿಎಂಸಿಯ ಕೊಯ್ನಾ ಇದೆ, ದೂಧಗಂಗೆಗೆ ಕಾಳಮ್ಮವಾಡಿ ಅಣೆಕಟ್ಟು, ವೇದಗಂಗೆಗೆ ಪಾಟಗಾಂವ. ಪಂಚಗಂಗೆಯ ತಲೆಗಿರುವ ರಾಧಾನಗರಿಯಲ್ಲಂತೂ ನೀರು ತುಂಬಿದರೆ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳಿವೆ, ಅವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬರಲು ಒಂದೆರಡು ದಿನ ಹಿಡಿಯುತ್ತದೆ. ಈ ಒಂದೆರಡು ದಿನವೇ ನಮಗೆ ಸಿಗುವ ಮುನ್ಸೂಚನೆ, ಓದಲು ಬಂದವರಿಗೆ ಮಾತ್ರ.

2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಈ ಲೆಕ್ಕ ಎಲ್ಲರಿಗೂ ಅರ್ಥವಾಯಿತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ನಿಂತುಹೋಯಿತು. ಕಾರದಗಾ–ಭೋಜ, ಕಲ್ಲೋಳ–ಯಡೂರ, ಜತ್ರಾಟ–ಭಿವಶಿಯಂಥ ತಗ್ಗಿನ ಸೇತುವೆಗಳು ದೊಡ್ಡ ನೆರೆಯೇ ಬರಬೇಕೆಂದಿಲ್ಲ, ಸಾಧಾರಣ ಮಳೆಗಾಲದಲ್ಲೂ ಮುಳುಗುತ್ತವೆ. ಆ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ದನಕರು ಕಟ್ಟಿಕೊಂಡು ತಾಡಪತ್ರಿಯ ಕೆಳಗೆ, ಶಾಲೆಯ ಪಡಸಾಲೆಯಲ್ಲಿ, ಕಾಳಜಿ ಕೇಂದ್ರಗಳಲ್ಲಿ ವಸ್ತಿ ಮಾಡಿದವು. ನೀರಿನ ಪಕ್ಕದ ಡೇರೆ ಎಂದರೆ ನದಿದಂಡೆಯ ಅಜ್ಜಿಯೊಬ್ಬಳಿಗೆ ಮೊದಲು ನೆನಪಾಗುವುದು ಅದೇ. ಮೊಮ್ಮಕ್ಕಳು ದುಡ್ಡು ಕೊಟ್ಟು ಅದನ್ನೇ ಮಾಡಲು ಹೊರಟಾಗ ಅವಳು ಹುಬ್ಬೇರಿಸಿದರೆ ತಪ್ಪು ತಿಳಿಯಬಾರದು.

ಇಷ್ಟಾದ ಮೇಲೆ ಜಾಗದ ಮಾತು. ಕೃಷ್ಣೆಯ ದಂಡೆಯನ್ನು ನಾನು ಯಾವ ಕಾಲಕ್ಕೂ ಶಿಫಾರಸು ಮಾಡುವುದಿಲ್ಲ. ಮಳೆಗಾಲದಲ್ಲಿ ಹೊಳೆ ಏರುತ್ತದೆ, ಬೇಸಿಗೆಯಲ್ಲಿ ಉಳಿದ ಮಡುಗಳಲ್ಲಿ ಮೊಸಳೆಗಳಿರುತ್ತವೆ. ಕುಡಚಿ, ಉಗಾರ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ನೆರೆ ಇಳಿದ ಮೇಲೆ ಕಬ್ಬಿನ ಹೊಲದಲ್ಲಿ ಮೊಸಳೆ ಕಂಡ ಸುದ್ದಿ ಅವರಿಗೆ ಹಳೆಯದು. ನಿಪ್ಪಾಣಿಯ ಜವಾಹರ ತಲಾವ ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು. ಹೀಗೆ ಕಳೆಯುತ್ತಾ ಹೋದರೆ ಕುಟುಂಬ ಸಮೇತ ಹೋಗಬಹುದಾದ ದೊಡ್ಡ ನೀರು ಎಂದರೆ ದಕ್ಷಿಣಕ್ಕೆ, ಪಕ್ಕದ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಹಿನ್ನೀರು.

ಘಟಪ್ರಭೆಗೆ ಕಟ್ಟಿದ ಈ ಅಣೆಕಟ್ಟಿಗೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. 1977ರಲ್ಲಿ ಮುಗಿದ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ, ತುಂಬಿದ ಮಟ್ಟ ಸಮುದ್ರದಿಂದ 2,175 ಅಡಿ. ಕೊಯ್ನಾದ ಅರ್ಧದಷ್ಟಿರುವ ಇದು ಹೊಳೆಯ ಹಾಗೆ ಒಂದೇ ಸಲ ಮೈಮೇಲೆ ಬೀಳುವುದಿಲ್ಲ. ಆದರೆ ಇದರ ನೀರೂ ಆಂಬೋಲಿ–ಚಂದಗಡ ಕಡೆಯ ಘಟ್ಟದ್ದೇ. ಮೇ ಕೊನೆಗೆ ತಳಕ್ಕೆ ಹೋಗಿರುತ್ತದೆ. ಆಗ ಹುನ್ನೂರಿನ ಮುಳುಗಿದ ವಿಠ್ಠಲ ಮಂದಿರ ಕಲ್ಲಿನ ಗೋಡೆ, ಗೋಪುರ ಸಮೇತ ಹೊರಗೆ ಬರುತ್ತದೆ, ಜನ ನಡೆದು ಹೋಗಿ ದರ್ಶನ ಮಾಡುತ್ತಾರೆ. ಜುಲೈನಲ್ಲಿ ಅದೇ ಮಂದಿರ ಮತ್ತೆ ನೀರಿನೊಳಗೆ. ಅಳತೆಗೋಲಿನ ಅಂಕಿಗಿಂತ ಮಕ್ಕಳಿಗೆ ಈ ಗುಡಿ ಹೆಚ್ಚು ಪಾಠ ಹೇಳುತ್ತದೆ: ಈಗ ನಾವು ನಿಂತ ನೆಲ ಎರಡು ತಿಂಗಳ ನಂತರ ನೆಲವಾಗಿರುವುದಿಲ್ಲ.

ಹಿನ್ನೀರಿನ ದಂಡೆಯ ಮೋಸ ಇರುವುದು ಅದರ ಇಳಿಜಾರಿನಲ್ಲಿ. ನೋಡಲು ಅದು ಸಪಾಟ. ಐವತ್ತು ಅಡಿಗೆ ಒಂದು ಅಡಿ ಇಳಿಯುವ ದಂಡೆಯಲ್ಲಿ ನೀರಿನ ಮಟ್ಟ ಒಂದು ಅಡಿ ಏರಿದರೆ ಅಂಚು ಐವತ್ತು ಅಡಿ ಮುಂದೆ ಬರುತ್ತದೆ, ಮತ್ತು ಜುಲೈನ ಘಟ್ಟದ ಮಳೆಗೆ ಜಲಾಶಯ ದಿನಕ್ಕೆ ಅಡಿಗಟ್ಟಲೆ ಏರುವುದುಂಟು. ರಾತ್ರಿ ಊಟದ ಹೊತ್ತಿಗೆ ದೂರ ಇದ್ದ ನೀರು ಬೆಳಗಿನ ಚಹಾಕ್ಕೆ ಡೇರೆಯ ಬಾಗಿಲಿಗೆ ಬಂದಿರುತ್ತದೆ. ಬೇಸಿಗೆಯಲ್ಲಿ ಅಪಾಯ ಬೇರೆ. ನೀರು ಹಿಂದೆ ಸರಿದ ಮೇಲೆ ಉಳಿಯುವ ಹೂಳಿನ ಮೇಲ್ಪದರ ಬಿಸಿಲಿಗೆ ಬಿರಿದು ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಇನ್ನೂ ಕೆಸರೇ. ಮೇಯಲು ಹೋದ ಎಮ್ಮೆ ಹೊಟ್ಟೆಮಟ ಹೂತುಹೋಗುವುದು ಇಂಥಲ್ಲೇ. ಕಾರು ಅಲ್ಲಿಗೆ ಇಳಿಸಿದರೆ ಊರಿನ ಟ್ರ್ಯಾಕ್ಟರ್ ಬರಬೇಕು. ಆದ್ದರಿಂದ ಕಳೆದ ವರ್ಷ ನೀರು ನಿಂತ ಗೆರೆಯನ್ನು ಹುಡುಕಿ. ಒಣಗಿದ ಕಸಕಡ್ಡಿ, ಪ್ಲಾಸ್ಟಿಕ್ಕು ಸಾಲಾಗಿ ಬಿದ್ದಿರುತ್ತದೆ, ಅದರ ಮೇಲಿನ ನೆಲದಲ್ಲಿ ಗೂಟ ಹೊಡೆಯಿರಿ. ಎರೆ ಭೂಮಿ ಬೇಡ, ಒಂದು ಹದ ಮಳೆಗೆ ಅದು ಗೂಟವನ್ನೂ ಹಿಡಿಯುವುದಿಲ್ಲ, ಚಪ್ಪಲಿಯನ್ನೂ ಬಿಡುವುದಿಲ್ಲ. ಅಥಣಿಯ ಒಳ್ಳೆಯ ಚರ್ಮದ ಜೋಡು ಹಾಕಿಕೊಂಡು ಹೋದವರು ಇದನ್ನು ದುಃಖದಿಂದ ಕಲಿಯುತ್ತಾರೆ. ಗರಸು ನೆಲ, ತುಸು ಎತ್ತರ, ನೀರು ಹರಿದು ಹೋಗುವಂಥ ಕಡೆ ಒಳ್ಳೆಯದು. ಜಲಾಶಯದ ಅಂಚಿನ ಜಮೀನು ನೀರಾವರಿಯವರದ್ದು, ಅವರನ್ನು ಕೇಳದೆ ಇಳಿಯಬೇಡಿ. ದಂಡೆಗೆ ಹೊಂದಿದ ಹೊಲ ಇರುವ ನೆಂಟರಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ: ಬಾವಿ ಇರುತ್ತದೆ, ಓಡಿಹೋಗಿ ನಿಲ್ಲಲು ಗಟ್ಟಿ ಸೂರೂ ಇರುತ್ತದೆ.

ಸೂರಿನ ಮಾತು ಸುಮ್ಮನೆ ಬರಲಿಲ್ಲ. ಶಾಲೆಗೆ ರಜೆ ಸಿಗುವುದು ಏಪ್ರಿಲ್–ಮೇನಲ್ಲಿ, ಅದು ಸರಿಯಾಗಿ ಅಡ್ಡಮಳೆಯ ಕಾಲ. ಮುಂಗಾರಿನ ಮಳೆ ಊರಿಗೆಲ್ಲ ಒಂದೇ, ಹೊತ್ತು ಹೇಳಿ ಬರುತ್ತದೆ. ಅಡ್ಡಮಳೆ ಹಾಗಲ್ಲ, ರಾಯಬಾಗದಲ್ಲಿ ತಗಡು ಹಾರಿಸಿದ್ದು ಚಿಂಚಲಿಯಲ್ಲಿ ಧೂಳೂ ಎಬ್ಬಿಸಿರುವುದಿಲ್ಲ. ಮಧ್ಯಾಹ್ನದವರೆಗೆ ಕಾದ ನೆಲದ ಮೇಲಿನ ಗಾಳಿ ರಭಸದಿಂದ ಮೇಲೇರುತ್ತದೆ. ಅದಕ್ಕೆ ತೇವ ಸಿಕ್ಕರೆ ಒಂದೆರಡು ತಾಸಿನಲ್ಲಿ ಹತ್ತು ಕಿ.ಮೀ. ಎತ್ತರದ ಮೋಡ ಕಟ್ಟುತ್ತದೆ. ಆ ಮೋಡದೊಳಗೆ ಮಳೆ, ಆಲಿಕಲ್ಲು ಕೆಳಗಿಳಿಯುವಾಗ ತಣ್ಣನೆಯ ಗಾಳಿಯನ್ನೂ ಎಳೆದುಕೊಂಡು ಬರುತ್ತವೆ. ಅದು ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಸೆಕೆಯಲ್ಲಿ ಒಮ್ಮೆಲೇ ತಂಪು ಗಾಳಿ ಮುಖಕ್ಕೆ ಬಡಿದರೆ "ಆಹಾ" ಎನ್ನುತ್ತಾ ಕೂರಬಾರದು. ಮಳೆ ಕೆಲವೇ ನಿಮಿಷ ದೂರವಿದೆ ಎಂದು ಅದರ ಅರ್ಥ. ಹಗಲೆಲ್ಲ ಯಾವ ದಿಕ್ಕಿನಿಂದ ಗಾಳಿ ಬೀಸಿತ್ತೋ ಈ ಗಾಳಿಗೆ ಅದರ ಗೊಡವೆ ಇಲ್ಲ, ಮೋಡ ಇದ್ದ ಕಡೆಯಿಂದ ಬರುತ್ತದೆ. ನೀರಿನಿಂದ ಬರುವ ಗಾಳಿಗೆಂದು ಬಾಗಿಲು ತೆರೆದಿಟ್ಟ ಡೇರೆ ಆಗ ಗಾಳಿ ತುಂಬಿದ ಚೀಲದಂತಾಗಿ ಗೂಟ ಕಿತ್ತುಕೊಂಡು ಹೋಗುತ್ತದೆ. ಅಥಣಿ ಭಾಗದಲ್ಲಿ ದ್ರಾಕ್ಷಿ ಒಣಹಾಕಿದವರು ಈ ಕಾಲದಲ್ಲಿ ಮಧ್ಯಾಹ್ನದ ಮೇಲೆ ಆಕಾಶ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ, ಒಂದು ಮಳೆಗೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಡೇರೆಯವರಿಗೆ ಹೋಗುವುದು ಒಂದು ರಾತ್ರಿಯ ನಿದ್ದೆ ಮಾತ್ರ, ಸಿಡಿಲೊಂದನ್ನು ಬಿಟ್ಟರೆ.

ಸಿಡಿಲಿಗೆ ಡೇರೆ ಏನೂ ರಕ್ಷಣೆಯಲ್ಲ. ಬಟ್ಟೆಯ ಗೂಡು, ನಡುವೆ ಕಂಬಿ, ಬಯಲು ದಂಡೆ, ಪಕ್ಕದಲ್ಲಿ ನೀರು, ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಒಂಟಿ ಮರದ ಬುಡ ಇನ್ನೂ ಕೆಟ್ಟದ್ದು. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿಸಿತೆಂದರೆ ಅದು ಹತ್ತು ಕಿ.ಮೀ. ಒಳಗಿದೆ. ಆಗ ಎಲ್ಲರೂ ಕಾರಿನೊಳಗೆ, ಗಾಜು ಏರಿಸಿ. ಕೊನೆಯ ಗುಡುಗು ಕೇಳಿದ ಅರ್ಧ ತಾಸಿನವರೆಗೆ ಹೊರಗೆ ಬರಬಾರದು. ಕಾರಿನ ಕಬ್ಬಿಣದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ, ಕಾಯುವುದು ರಬ್ಬರ್ ಟಾಯರ್ ಎಂಬುದು ಹಳೆಯ ತಪ್ಪು ತಿಳಿವಳಿಕೆ. ಮೊಬೈಲಿನಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳ ದಾಮಿನಿ ಆ್ಯಪ್ ಇದೆ, ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆ. ಎರಡೂ ಉಪಯೋಗದ್ದೇ. ಹಿನ್ನೀರಿನ ಮೂಲೆಗಳಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಮಾತ್ರ ಎಣಿಕೆಯೇ ಗತಿ.

ಮುನ್ಸೂಚನೆಯ ಬಗ್ಗೆ ಒಂದು ತಕರಾರು ನನಗಿದೆ. "ಬೆಳಗಾವಿ ಜಿಲ್ಲೆಗೆ ಯೆಲ್ಲೊ ಅಲರ್ಟ್" ಎಂದು ಟಿವಿ ಹೇಳುತ್ತದೆ. ಯಾವ ಬೆಳಗಾವಿ? ಖಾನಾಪುರದ ಕಣಕುಂಬಿ ಕಾಡಿನಲ್ಲಿ ಹಗಲು ರಾತ್ರಿ ಸುರಿಯುವ ದಿನ ಅಥಣಿಯಲ್ಲಿ ಛತ್ರಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ, ಎರಡೂ ಒಂದೇ ಜಿಲ್ಲೆ. ಚಿಕ್ಕೋಡಿ ಜಿಲ್ಲೆಯಾಗಬೇಕೆಂದು ದಶಕಗಳಿಂದ ಹೋರಾಡುವವರು ತಮ್ಮ ಮನವಿಯಲ್ಲಿ ಈ ಕಾರಣವನ್ನೂ ಸೇರಿಸಬಹುದು. ನೀರಿನ ಪಕ್ಕ ಇಳಿಯುವವರು ನಮ್ಮ ಜಿಲ್ಲೆಯ ಬಣ್ಣದ ಜೊತೆಗೆ ಹವಾಮಾನ ಇಲಾಖೆ ಕೊಲ್ಹಾಪುರ, ಸಾತಾರಾ ಘಟ್ಟಗಳಿಗೆಂದು ಬೇರೆಯಾಗಿ ಕೊಡುವ ಎಚ್ಚರಿಕೆಯನ್ನೂ ನೋಡಬೇಕು. ಅಲ್ಲಿ ಕೆಂಪು ಬಣ್ಣ ಇದ್ದರೆ ಇಲ್ಲಿಯ ಬಿಸಿಲನ್ನು ನಂಬಬಾರದು.

ಹೊಸ ರೂಢಿ ಎಂದು ಮೊದಲಿಗೆ ಅಂದೆ. ಡೇರೆ ಹೊಸದು, ವಸ್ತಿ ಹಳೆಯದು. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರರ ಕುದುರೆಗಳು ಪ್ರತಿ ಜ್ಯೇಷ್ಠ ಮಾಸದಲ್ಲಿ ಕೃಷ್ಣೆಯ ದಂಡೆಯಿಂದ ಆಳಂದಿಗೆ ನಡೆದು ಹೋಗುತ್ತವೆ. ಅಲ್ಲಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಕಿಗೆ ಹೈಬತಬಾಬಾ ಆರಫಳಕರ ಅವರು 1832ರ ಸುಮಾರಿಗೆ ಈಗಿನ ಶಿಸ್ತು ತಂದಾಗ ಕುದುರೆಯಷ್ಟೇ ಅಲ್ಲ, ದಾರಿಯ ಮುಕ್ಕಾಮಿಗೆ ಬೇಕಾದ ಡೇರೆಯ ಸೇವೆಯನ್ನೂ ವಹಿಸಿಕೊಂಡದ್ದು ಇದೇ ಮನೆತನ. ಮುಂಗಾರು ಹೊಸಿಲಲ್ಲಿರುವಾಗ, ಇಂದು ಬಿಸಿಲು ನಾಳೆ ಕೆಸರು ಎನ್ನುವ ದಿನಗಳಲ್ಲೇ ಆ ಪಯಣ. ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಭಾರತ ಹುಣ್ಣಿಮೆಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವ ಕುಟುಂಬಗಳನ್ನು ನೋಡಿ. ಹಸುಗೂಸಿನಿಂದ ಮುದುಕಿಯವರೆಗೆ ಎಲ್ಲರೂ ಬಯಲಲ್ಲೇ ದಿನಗಟ್ಟಲೆ ಇರುತ್ತಾರೆ. ಚಕ್ಕಡಿ ಗಾಳಿಗೆ ಅಡ್ಡ, ಅದರ ಮರೆಗೆ ಒಲೆ, ಎತ್ತುಗಳು ಗಾಳಿ ಹೋಗುವ ದಿಕ್ಕಿಗೆ, ಯಾರೂ ಹೇಳಿಕೊಡದೆ ಇಡೀ ಬಿಡಾರ ಹೀಗೇ ನಿಲ್ಲುತ್ತದೆ. ಇನ್ನು ಕುರಿಗಾರರು. ಘಟ್ಟದ ಕಡೆ ಜಿಟಿಜಿಟಿ ಮಳೆ ಹಿಡಿದಾಗ ಕುರಿಯ ಗೊರಸು ಕೊಳೆಯುತ್ತದೆಂದು ಅವರು ಹೆಂಡತಿ ಮಕ್ಕಳೊಂದಿಗೆ ಮೂಡಣದ ಒಣ ಸೀಮೆಗೆ ನಡೆಯುತ್ತಾರೆ. ಮಳೆ ನೆರಳು ನಮ್ಮ ಪುಸ್ತಕಕ್ಕೆ ಪಾಠ, ಅವರಿಗೆ ದಾರಿ. ಕುರಿಗಾರ ನೀರಿಗೆ ತೀರ ಹತ್ತಿರ ಎಂದೂ ತಳ ಹೂಡುವುದಿಲ್ಲ. ಕುರಿಗೆ ನೀರು ಕುಡಿಸಿ ಮತ್ತೆ ಏರಿಗೆ ಬರುತ್ತಾನೆ. ದಂಡೆಯಲ್ಲಿ ಥಂಡಿ ಜಾಸ್ತಿ, ಸೊಳ್ಳೆ ಜಾಸ್ತಿ, ನೀರಿಗೆ ಬರುವ ಪ್ರಾಣಿಗಳ ದಾರಿಯೂ ಅದೇ. ಅವ್ವ ಕೇಳಿದ ಹಾವಿನ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ಉಳಿದದ್ದು ಡೇರೆಯ ಜಿಪ್ಪು ಪೂರ್ತಿ ಎಳೆಯುವುದು, ಅನ್ನ ಚೆಲ್ಲಿ ಇಲಿ ಕರೆಯದಿರುವುದು.

ಡೇರೆಯೊಳಗಿನ ಹವಾಮಾನದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಅಂಗಡಿಯವನೊಂದಿಗೆ ಜಗಳ ಹುಟ್ಟುವುದು ಅಲ್ಲಿಂದ. ರಾತ್ರಿ ಮಳೆಯೇ ಬಂದಿಲ್ಲ, ಬೆಳಿಗ್ಗೆ ಎದ್ದರೆ ಹಾಸಿಗೆ ಒದ್ದೆ. ಡೇರೆ ಸೋರಿದ್ದಲ್ಲ. ಮಲಗಿದ ಒಬ್ಬೊಬ್ಬರ ಉಸಿರು, ಬೆವರಿನಿಂದ ರಾತ್ರಿಗೆ ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬರುತ್ತದೆ. ಅದು ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ನೀರಿನ ಪಕ್ಕ ಹೊರಗಿನ ಗಾಳಿಯಲ್ಲೇ ತೇವ ಹೆಚ್ಚು, ಹಾಗಾಗಿ ಇನ್ನೂ ಜಾಸ್ತಿ. ಸಂಜೆ ಮಳೆ ಸುರಿದು ಆಮೇಲೆ ಆಕಾಶ ತೊಳೆದಂತೆ ತಿಳಿಯಾಗಿ ಚುಕ್ಕಿ ಕಂಡರೆ ಆ ರಾತ್ರಿ ಎರಡು ಕಂಬಳಿ ಇಟ್ಟುಕೊಳ್ಳಿ, ನೆಲದ ಶಾಖ ಮೇಲೆ ಹೊರಟುಹೋಗಲು ಮೋಡದ ಮುಚ್ಚಳ ಇರುವುದಿಲ್ಲ. ಮೇಲಿನ ಕಿಟಕಿ ಥಂಡಿಯಲ್ಲೂ ಸ್ವಲ್ಪ ತೆರೆದಿರಬೇಕು. ಮಳೆ ಬಂತೆಂದು ಒಲೆಯನ್ನು, ಇದ್ದಲಿನ ಶೇಗಡಿಯನ್ನು ಡೇರೆಯೊಳಗೆ ತರುವುದು ಜೀವಕ್ಕೆ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಅದಕ್ಕೇ ನಮ್ಮ ಹಿರಿಯರ ಬುತ್ತಿ ಒಲೆ ಬೇಡದ್ದು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ವಡಿ, ಗಟ್ಟಿ ಮೊಸರು. ಮೂರು ದಿನ ಮಳೆ ಹಿಡಿದರೂ ರೊಟ್ಟಿ ಕೆಡುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ.

ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎನ್ನುತ್ತೇನೆ. ಹಿಡಕಲ್ ತುಂಬಿರುತ್ತದೆ, ನೀರು ದಿನದಿನಕ್ಕೆ ಇಳಿಯುತ್ತಿರುತ್ತದೆ ಹೊರತು ಏರುವುದಿಲ್ಲ, ಹೊಲದಲ್ಲಿ ಜೋಳ ಹಸಿರಾಗಿರುತ್ತದೆ. ಮಕ್ಕಳ ರಜೆ ಅದಕ್ಕೆ ಹೊಂದದಿದ್ದರೆ ಮೇ ತಿಂಗಳೇ ಆಗಲಿ, ಕಾರನ್ನು ಡೇರೆಯ ಪಕ್ಕಕ್ಕೇ ನಿಲ್ಲಿಸಿ, ಮುಖ ರಸ್ತೆಯ ಕಡೆಗಿರಲಿ. ಮನೆಗೆ ಬಂದ ಮೇಲೆ ಡೇರೆಯನ್ನು ಒಣಗಿಸದೆ ಮಡಚಿಡಬಾರದು, ಒಂದು ವಾರಕ್ಕೆ ಬೂಜು ಹಿಡಿಯುತ್ತದೆ. ಜೂನ್ ದಾಟಿದ್ದರೆ ನಿಪ್ಪಾಣಿಯಲ್ಲಿ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಅಥಣಿಯಲ್ಲಿ ಬೀಗರಿದ್ದರೆ ಅವರ ಮಾಳಿಗೆಗೆ ಕಳಿಸಿ, ಒಂದು ಮಧ್ಯಾಹ್ನದ ಕೆಲಸ.